249 ಗ್ರಾಮಿನ ಹದ್ದು

ಕಳೆದ ತಿಂಗಳು ಸಂಘದಲ್ಲಿ ಭಜನೆ ಮುಗಿದು, ಕೋಸಂಬರಿಯ ದೊನ್ನೆ ಹಿಡಿದುಕೊಂಡು ನಿಂತಿದ್ದಾಗ ಮಾಟುಂಗಾ ಕಡೆಯಿಂದ ಬರುವ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕಾ, ನಿಮ್ಮ ಮನೆಯಲ್ಲಿ ಡ್ರೋನ್ ಉಂಟಂತಲ್ಲ? ನಮ್ಮ ಹುಡುಗ ಹತ್ತನೆಯದು ಪಾಸಾದದ್ದಕ್ಕೆ ಅದನ್ನೇ ಕೊಡಿಸಬೇಕೆಂದು ಹಟ ಹಿಡಿದಿದ್ದಾನೆ. ಅಗ್ಗದ್ದು, ಹಗುರದ್ದು ಸಾಕಂತೆ. ಕೊಡಿಸಬಹುದಾ?" ಎಂದು ಕೇಳಿದರು. ಹೌದು ಎಂದೂ ಹೇಳಲಾಗದೆ, ಬೇಡ ಎಂದೂ ಹೇಳಲಾಗದೆ, "ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ" ಎಂದು ತಪ್ಪಿಸಿಕೊಂಡೆ. ಮಿಕ್ಸರ್, ಪ್ರೆಶರ್ ಕುಕ್ಕರ್, ಕಿವಿಯ ಯಂತ್ರ ಎಂದು ಮನೆಗೆ ಬಂದ ಯಂತ್ರಗಳ ವಿಚಾರ ಈ ಪುಟದಲ್ಲಿ ಬರೆಯುತ್ತ ಬಂದವಳಿಗೆ ಹಾರುವ ಯಂತ್ರದ ಬಗ್ಗೆ ಬರೆಯುವ ಯೋಗವೂ ಇತ್ತೆನ್ನಿ.

ನಮ್ಮಲ್ಲಿರುವುದು ಮಗ 2021ರಲ್ಲಿ ಕೊಂಡದ್ದು. ಕಂಪೆನಿಯ ಹೆಸರು ಬೇಡ. ತೂಕ 249 ಗ್ರಾಂ, ಅಂದರೆ ಕಾಲು ಕಿಲೋ ತೊಗರಿಬೇಳೆಗಿಂತ ಒಂದು ಗ್ರಾಂ ಕಡಿಮೆ. ಈ ಒಂದು ಗ್ರಾಮಿನ ಹಿಂದೆ ದೊಡ್ಡ ಲೆಕ್ಕಾಚಾರ ಇದೆ. ಕೇಂದ್ರ ಸರಕಾರದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರದವು ನ್ಯಾನೋ ವರ್ಗಕ್ಕೆ ಸೇರುತ್ತವೆ. ಅಲ್ಲಿಂದ 2 ಕಿಲೋ ತನಕ ಮೈಕ್ರೋ, ಆಮೇಲೆ 25 ಕಿಲೋ ತನಕ ಸ್ಮಾಲ್, ಹೀಗೆ ಏರುತ್ತ ಹೋಗುತ್ತದೆ. ನ್ಯಾನೋ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ. ಬೇರೆ ಹಲವು ದೇಶಗಳಲ್ಲೂ 250 ಗ್ರಾಮಿನ ಗೆರೆ ಇರುವುದರಿಂದ ಡಿಜೆಐ ಎಂಬ ಚೀನಾದ ಕಂಪೆನಿ 2019ರಲ್ಲಿ ತನ್ನ ಮಿನಿ ಸಾಲಿನ ಮೊದಲ ಡ್ರೋನನ್ನು ಸರಿಯಾಗಿ 249 ಗ್ರಾಮಿಗೆ ನಿಲ್ಲಿಸಿತು. ತಕ್ಕಡಿಯಲ್ಲಿ ಕಾಯ್ದೆಯನ್ನು ಇಟ್ಟು ತೂಗಿದ ಹಾಗೆ! ಅದಕ್ಕೂ ಮೊದಲು, 2018ರಲ್ಲಿ, ಟೆಲೋ ಎಂಬ 80 ಗ್ರಾಮಿನ ಪುಟ್ಟದೊಂದು ಬಂದಿತ್ತು. ಅದು ಹಾರುವುದು ಹೆಚ್ಚೆಂದರೆ 13 ನಿಮಿಷ, 100 ಮೀಟರ್ ದೂರ. ಕಲಿಯುವ ಮಕ್ಕಳಿಗೆಂದೇ ಮಾಡಿದ್ದು.

ಎತ್ತರದಿಂದ ಚಿತ್ರ ತೆಗೆಯುವ ಹುಚ್ಚು ಮನುಷ್ಯನಿಗೆ ಹೊಸತೇನಲ್ಲ. 1858ರಲ್ಲಿ ನಾಡಾರ್ ಎಂಬ ಫ್ರೆಂಚ್ ಛಾಯಾಗ್ರಾಹಕ ಬಲೂನಿನಲ್ಲಿ ಕುಳಿತು ಆಕಾಶದಿಂದ ಚಿತ್ರ ತೆಗೆದ. ಜರ್ಮನಿಯ ನಾಯ್‌ಬ್ರೋನರ್ ಎಂಬ ಔಷಧಿ ವ್ಯಾಪಾರಿಯಂತೂ ಪಾರಿವಾಳದ ಎದೆಗೆ ಕ್ಯಾಮೆರಾ ಕಟ್ಟಿ ಬಿಟ್ಟು 1908ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದ. ಪಾರಿವಾಳ ಹೊರಬಲ್ಲದ್ದು ಸುಮಾರು 75 ಗ್ರಾಂ ಮಾತ್ರ. ಇನ್ನು ಡ್ರೋನ್ ಎಂಬ ಶಬ್ದ. ಇಂಗ್ಲಿಷಿನಲ್ಲಿ ಅದು ಗಂಡು ಜೇನು, ಮಧು ತಾರದೆ ಕೂತು ತಿನ್ನುವವನು. 1930ರ ದಶಕದಲ್ಲಿ ಬ್ರಿಟಿಷರು ಗುಂಡು ಹೊಡೆಯುವ ಅಭ್ಯಾಸಕ್ಕೆಂದು ರೇಡಿಯೋದಿಂದ ನಡೆಸುವ ವಿಮಾನವೊಂದನ್ನು ಮಾಡಿ ಕ್ವೀನ್ ಬೀ ಎಂದು ಹೆಸರಿಟ್ಟಿದ್ದರು. ರಾಣಿಜೇನಿನ ಹಿಂದೆ ಗಂಡುಜೇನು ಬಂದದ್ದು ಹಾಗೆ ಎನ್ನುತ್ತಾರೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದಕ್ಕೆ ಇಂಥ ಶಬ್ದದ ಬಾಲ ಹಿಡಿದು ಹೋಗುವ ಚಟ ನನಗೆ. ಇರಲಿ.

ಮೊದಲು ಕಹಿಯನ್ನೇ ಹೇಳುತ್ತೇನೆ. ಕೊಂಡರೂ ನಮ್ಮ ಸಯನ್ನಿನಲ್ಲಿ ಹಾರಿಸುವಂತಿಲ್ಲ. ಪ್ರಮಾಣಪತ್ರ ಬೇಡ ಎಂದರೆ ಎಲ್ಲಿ ಬೇಕೆಂದರಲ್ಲಿ ಹಾರಿಸಬಹುದು ಎಂದು ಅರ್ಥವಲ್ಲ. ಅಂಗಡಿಯವರು ಮುಚ್ಚಿಡುವ ಮಾತು ಇದು. ಸರಕಾರ 2021ರ ಸೆಪ್ಟೆಂಬರಿನಲ್ಲಿ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣದಲ್ಲಿ ಹಂಚಿದ ನಕ್ಷೆ ಪ್ರಕಟಿಸಿತು. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಯಾರ ಅನುಮತಿಯೂ ಬೇಡ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಿಸುವವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರಕಾರದ್ದೇ ಅನುಮತಿ ಬೇಕು. ವಿಮಾನ ನಿಲ್ದಾಣದ ಆವರಣದಿಂದ 8 ಕಿಲೋಮೀಟರಿನೊಳಗಿನ ಜಾಗ ಹಸಿರಿನಲ್ಲಿ ಬರುವುದೇ ಇಲ್ಲ. ನಮ್ಮ ಕೋಟೆಯ ಮೇಲೆ ನಿಂತರೆ ಘಾಟ್ಕೋಪರ್ ಕಡೆಯಿಂದ ಒಂದರ ಹಿಂದೊಂದು ವಿಮಾನ ಇಳಿಯುವುದು ಕಾಣುತ್ತದೆ. ಇನ್ನೊಂದು ಕಡೆ ಮಾಹುಲಿನ ತೈಲ ಕಾರ್ಖಾನೆಗಳು, ಅದರಾಚೆ ಟ್ರಾಂಬೆಯ ಅಣುಶಕ್ತಿ ಕೇಂದ್ರ. ಇದಲ್ಲದೆ ಮುಂಬಯಿ ಪೊಲೀಸರು ಡ್ರೋನ್, ಪ್ಯಾರಾಗ್ಲೈಡರ್, ಬಿಸಿಗಾಳಿಯ ಬಲೂನು ಇವುಗಳ ಮೇಲೆ ತಿಂಗಳ ಅವಧಿಯ ನಿಷೇಧಾಜ್ಞೆಯನ್ನು ಮತ್ತೆ ಮತ್ತೆ ಹೊರಡಿಸುತ್ತ ಬಂದಿದ್ದಾರೆ. 1993 ಮತ್ತು 2008ನ್ನು ಕಂಡ ಊರು ಇದು, ಅವರನ್ನು ದೂರುವಂತಿಲ್ಲ. ಮದುವೆಯ ವೀಡಿಯೋದವರು ಹಾರಿಸುತ್ತಾರಲ್ಲ ಎಂದರೆ, ಅನುಮತಿ ಪಡೆದವರೂ ಇದ್ದಾರೆ, ಪಡೆಯದೆ ಪ್ರಕರಣ ಹಾಕಿಸಿಕೊಂಡವರೂ ಇದ್ದಾರೆ. ಹತ್ತನೆಯದು ಪಾಸಾದ ಹುಡುಗನಿಗೆ ಯಾವುದು ಬೇಕು ಎಂದು ತಾಯಿಯೇ ಯೋಚಿಸಬೇಕು.

ಸಯನ್ ಎಂಬ ಹೆಸರೇ ಮರಾಠಿಯ ಶೀವ ಶಬ್ದದಿಂದ ಬಂದದ್ದು. ಶೀವ ಎಂದರೆ ಎಲ್ಲೆ, ಹದ್ದು. ಹಿಂದೆ ಮುಂಬಯಿ ದ್ವೀಪ ಮುಗಿದು ಸಾಷ್ಟಿ ಶುರುವಾಗುತ್ತಿದ್ದ ಜಾಗ ಇದು. ಅದನ್ನು ಕಾಯಲೆಂದೇ ಗವರ್ನರ್ ಜೆರಾಲ್ಡ್ ಆಂಗಿಯರ್ ಕಾಲದಲ್ಲಿ, 1669ರಿಂದ 1677ರ ನಡುವೆ, ಗುಡ್ಡದ ಮೇಲೆ ಕೋಟೆ ಕಟ್ಟಿದರು. ಈಗ ಆ ಗುಡ್ಡದ ಸುತ್ತ ಸುತ್ತುವ ಹದ್ದುಗಳಿಗೆ ಮಾತ್ರ ಯಾರ ಪರವಾನಗಿಯೂ ಬೇಡ. ಪರವಾನಗಿ ಇದ್ದವರು ಹಾರಿಸಿದರೂ ಈ ಹದ್ದುಗಳು ಸುಮ್ಮನೆ ಬಿಡುತ್ತವೆಂದು ಹೇಳಲಾಗದು. ತಮ್ಮ ಗೂಡಿನ ಹತ್ತಿರ ಬಂದ ಡ್ರೋನಿನ ಮೇಲೆ ಎರಗಿ ಕೆಡಹುವುದು ಅವಕ್ಕೆ ಅಭ್ಯಾಸ.

ಹಾಗಾಗಿ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಡ್ರೋನು ಕಪಾಟಿನಲ್ಲಿ, ನನ್ನ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಅದನ್ನು ನಾನು ಹೊರಗೆ ತೆಗೆದದ್ದು ಶೋಕಿಗಲ್ಲ, ಊರಿನ ಒಂದು ಕಾರಣಕ್ಕೆ.

ನಮ್ಮವರ ಮನೆ ಕುಂದಾಪುರ ತಾಲೂಕಿನ ಹಾಲಾಡಿಯಿಂದ ಒಳಗೆ. ಅಲ್ಲಿರುವುದು ದೊಡ್ಡ ಭಾವ, ಅಕ್ಕ, ಅವರ ಮಗ. ಮನೆಯ ಮುಂದೆ ಗದ್ದೆ, ಬಲಗಡೆ ಅಡಿಕೆ ತೋಟ, ಹಿಂದೆ ನಾಗಬನ, ಬನದಾಚೆ ಗುಡ್ಡ. ಆ ಗುಡ್ಡದ ಮೇಲಿನ ಜಾಗ ಎಲ್ಲ ಅಣ್ಣತಮ್ಮಂದಿರ ಹೆಸರಿನಲ್ಲಿ ಒಟ್ಟಾಗಿ ಇದೆ. ಒಂದು ಕಾಲದಲ್ಲಿ ಗೇರು ಹಾಕಿದ್ದರು, ಈಗ ಹಡಿಲು ಬಿದ್ದಿದೆ. ಭಾವನಿಗೆ ಎಪ್ಪತ್ತೆಂಟು. ಮೊಣಕಾಲು ಹೋಗಿ ನಾಲ್ಕು ವರ್ಷ, ಗುಡ್ಡ ಹತ್ತುವ ಮಾತೇ ಇಲ್ಲ. ಭಾವನ ಮಗನಿಗೆ ಹಾಲು ಡೈರಿಗೆ ಕೊಟ್ಟು, ತೋಟಕ್ಕೆ ನೀರು ಬಿಟ್ಟು, ಬ್ಯಾಂಕಿನ ಕೆಲಸಕ್ಕೆ ಓಡುವಷ್ಟರಲ್ಲಿ ದಿನ ಮುಗಿಯುತ್ತದೆ. ನಾಗರ ಪಂಚಮಿಗೆ ಬನದ ತನಕ ಹೋಗುವವರು ಇದ್ದಾರೆ, ಬನದಾಚೆ ಹೋಗುವವರಿಲ್ಲ. ಹೀಗಿರುವಾಗ ಒಬ್ಬರು ಬಂದು ಆ ಗುಡ್ಡಕ್ಕೆ ಬೆಲೆ ಕೇಳಿದರು. "ಬರೀ ಕಲ್ಲು, ಮುಳ್ಳು. ನೀವಾದರೆ ಇಟ್ಟುಕೊಂಡು ಮಾಡುವುದೇನು?" ಎಂದು ಹೇಳಿ, ಕೊಡುತ್ತೇನೆಂದ ಹಣವೂ ಹಾಗೇ ಇತ್ತು. ಮುಂಬಯಿಯಲ್ಲಿರುವ ನಾವು ಮೂರು ಮನೆಯವರೂ ಫೋನಿನಲ್ಲೇ ಹೂಂ ಅಂದುಬಿಟ್ಟೆವು. ಭಾವ ಮಾತ್ರ, "ಒಂದು ಸಲ ಕಣ್ಣಿಂದ ಕಂಡು ಆಮೇಲೆ ರುಜು ಹಾಕುತ್ತೇನೆ" ಎಂದು ಕೂತರು. ಕಾಣುವುದು ಹೇಗೆ? ಹೊತ್ತುಕೊಂಡು ಹೋಗುವುದಕ್ಕೆ ಅವರು ಒಪ್ಪುವವರಲ್ಲ. ಆಗ ನನಗೆ ಸೀರೆಯಡಿಯ ಡಬ್ಬ ನೆನಪಾಯಿತು.

ಕಲಿತದ್ದು ನಮ್ಮ ಮನೆಯ ಹಾಲಿನಲ್ಲಿ, ಬಾಗಿಲು ಕಿಟಕಿ ಹಾಕಿಕೊಂಡು. ಮಗ ಫೋನಿನಲ್ಲಿ ಹೇಳಿಕೊಡುವುದು, ನಾನು ಕೈಪಿಡಿ ಓದುವುದು. ಎಡಗೈಯ ಕಡ್ಡಿ ಮೇಲೆ ಕೆಳಗೆ ಹೋಗಲಿಕ್ಕೆ ಮತ್ತು ನಿಂತಲ್ಲೇ ತಿರುಗಲಿಕ್ಕೆ, ಬಲಗೈಯದು ಮುಂದೆ ಹಿಂದೆ ಅಕ್ಕಪಕ್ಕ ಹೋಗಲಿಕ್ಕೆ. ಕೈ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ ಎಂದು ಕೈಪಿಡಿ ಹೇಳುತ್ತದೆ. ನಮ್ಮಲ್ಲಿ ನಿಲ್ಲಲಿಲ್ಲ, ಸೋಫಾದ ಕಡೆಗೆ ಜಾರುತ್ತ ಹೋಗಿ ಪರದೆಗೆ ಸಿಕ್ಕಿಕೊಂಡಿತು. ಎರಡು ದಿನ ಇದೇ ಕಥೆ. ಕೊನೆಗೆ ಕಾರಣ ತಿಳಿಯಿತು. ಮನೆಯೊಳಗೆ ಜಿಪಿಎಸ್ ಸಿಗುವುದಿಲ್ಲ. ಆಗ ಅದು ತನ್ನ ಹೊಟ್ಟೆಯಡಿಯ ಚಿಕ್ಕ ಕಣ್ಣಿನಿಂದ ನೆಲವನ್ನು ನೋಡಿ, ನೆಲದ ಗುರುತುಗಳು ಸರಿದರೆ ತಾನು ಸರಿದೆ ಎಂದು ತಿಳಿದು ಸರಿಪಡಿಸಿಕೊಳ್ಳುತ್ತದೆ. ನಮ್ಮ ಹಾಲಿನದು ಬಿಳಿಯ, ಹೊಳೆಯುವ ಟೈಲ್ಸ್. ಗುರುತೇ ಇಲ್ಲದ ನೆಲದಲ್ಲಿ ಪಾಪ ಏನನ್ನು ನೋಡೀತು? ಅಟ್ಟದಿಂದ ಹಳೆಯ ಪಟ್ಟೆಪಟ್ಟೆಯ ಜಮಖಾನೆ ತೆಗೆದು ಹಾಸಿದೆ. ಗೊಂಬೆಯ ಹಾಗೆ ನಿಂತಿತು! ನೀರಿನ ಮೇಲೆ ತಗ್ಗಿನಲ್ಲಿ ಹಾರಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಅಲುಗಾಡುವ, ಹೊಳೆಯುವ ನೀರು ಆ ಕಣ್ಣಿಗೆ ಮೋಸ ಮಾಡುತ್ತದೆ. ಇನ್ನೊಂದು ಎಚ್ಚರಿಕೆ ಸೀಲಿಂಗ್ ಫ್ಯಾನಿನದು. ಅದನ್ನು ನಾನು ಯಾವ ಕೈಪಿಡಿಯಿಂದಲೂ ಕಲಿಯಲಿಲ್ಲ. ಎರಡು ರೆಕ್ಕೆ ತುಂಡಾದವು. ಡಬ್ಬದಲ್ಲಿ ಬದಲಿ ರೆಕ್ಕೆಗಳೂ ಪುಟ್ಟ ಸ್ಕ್ರೂಡ್ರೈವರೂ ಇದ್ದವು, ಬದುಕಿದೆ. ರೆಕ್ಕೆ ಹಾಕುವಾಗ ನೋಡಿ ಹಾಕಬೇಕು. ನಾಲ್ಕರಲ್ಲಿ ಎರಡು ಗಡಿಯಾರದ ದಿಕ್ಕಿಗೆ, ಎರಡು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಅದಲುಬದಲಾದರೆ ಏಳುವ ಮೊದಲೇ ಮಗುಚುತ್ತದೆ.

2024ರ ಏಪ್ರಿಲಿನಲ್ಲಿ ಮತ್ಸ್ಯಗಂಧ ಹಿಡಿದು ಕುಂದಾಪುರದಲ್ಲಿ ಇಳಿದೆವು. ಬ್ಯಾಟರಿಗಳನ್ನು ಬೇರೆ ಡಬ್ಬದಲ್ಲಿ, ಅರ್ಧ ಮಾತ್ರ ತುಂಬಿಸಿ ಇಟ್ಟಿದ್ದೆ. ಈ ಲಿಥಿಯಂ ಬ್ಯಾಟರಿಗಳನ್ನು ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಟ್ಟರೂ, ಪೂರ್ತಿ ಬರಿದು ಮಾಡಿ ಇಟ್ಟರೂ ಹಾಳಾಗುತ್ತವೆ, ಉಬ್ಬುತ್ತವೆ. ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕುವುದೆಂದರೆ ಬೆಂಕಿಯ ಜೊತೆ ಸರಸ. ವಿಮಾನದಲ್ಲಿ ಹೋಗುವವರು ಇವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಒಪ್ಪಿಸಬಾರದು.

ಊರು ನಕ್ಷೆಯಲ್ಲಿ ಹಸಿರು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಅಂಗಳದಲ್ಲಿ ಚಾಪೆ ಹಾಸಿ ಅದರ ಮೇಲೆ ಡ್ರೋನ್ ಇಟ್ಟೆ. ಬೆಳಿಗ್ಗೆಯೇ ಏಕೆಂದರೆ ಕರಾವಳಿಯಲ್ಲಿ ಮಧ್ಯಾಹ್ನವಾದ ಮೇಲೆ ಕಡಲಗಾಳಿ ಏಳುತ್ತದೆ, ಕಾಲು ಕಿಲೋದ ಜೀವ ಅದನ್ನು ತಡೆದುಕೊಳ್ಳದು. ಹಗುರವಾಗಿರುವುದೇ ಇದರ ಗುಣ, ಅದೇ ಇದರ ದೋಷ. ಭಾವ ಚಾವಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ರೆಕ್ಕೆ ತಿರುಗುವ ಸದ್ದಿಗೆ "ಹೆಜ್ಜೇನು ಎದ್ದ ಹಾಂಗೆ ಕೇಣ್ತ್ ಮಾಣಿ" ಎಂದು ಮಗನಿಗೆ ಹೇಳಿದರು. ಗಂಡುಜೇನಿನ ಕಥೆ ಅವರಿಗೆ ಯಾರೂ ಹೇಳಿರಲಿಲ್ಲ.

ಜಿಪಿಎಸ್ ಸಿಕ್ಕಿದ ಮೇಲೆ ಇದರ ಗುಣ ನೋಡಬೇಕು. ನನ್ನಂಥವಳ ನಡುಗುವ ಕೈಗೂ ಅದು ನಡುಗುವುದಿಲ್ಲ. ಕ್ಯಾಮೆರಾವನ್ನು ಮೂರು ದಿಕ್ಕಿನಲ್ಲೂ ಸಮ ಹಿಡಿಯುವ ಸಣ್ಣ ತೂಗುಯಂತ್ರ ಇರುವುದರಿಂದ ಡ್ರೋನ್ ವಾಲಿದರೂ ಚಿತ್ರ ವಾಲುವುದಿಲ್ಲ. ಮೊದಲಿಗೆ ಮನೆಯ ಮಾಡನ್ನೇ ನೋಡಿದೆವು. ಪಡುದಿಕ್ಕಿನ ಮಾಡಿನಲ್ಲಿ ಹನ್ನೊಂದು ಹಂಚು ಒಡೆದಿತ್ತು. ಎರಡು ಮಳೆಗಾಲದಿಂದ ದೇವರ ಕೋಣೆ ಯಾಕೆ ಸೋರುತ್ತಿದೆ ಎಂದು ಅಕ್ಕ ಹೇಳುತ್ತಿದ್ದದ್ದಕ್ಕೆ ಉತ್ತರ ಹತ್ತು ನಿಮಿಷದಲ್ಲಿ ಸಿಕ್ಕಿತು. ಮಾಡಿಗೆ ಹತ್ತುವ ಕೆಲಸದವರು ಸಿಗದ ಈ ಕಾಲದಲ್ಲಿ, ಹತ್ತಿದರೆ ಕಾಲಿಟ್ಟಲ್ಲಿ ಇನ್ನು ನಾಲ್ಕು ಹಂಚು ಒಡೆಯುವ ಕಾಲದಲ್ಲಿ, ಇದೊಂದಕ್ಕೇ ಇಟ್ಟ ಹಣ ಬಂತು ಎಂದು ನಮ್ಮವರು ಹೇಳಿದರು. ಹಣ ಇಟ್ಟದ್ದು ಮಗ ಎಂಬುದು ಬೇರೆ ಮಾತು.

ಆಮೇಲೆ ಗುಡ್ಡ. ಬನದ ಮೇಲಿಂದ ದಾಟಿಸಿ ಸುತ್ತು ಹಾಕಿಸಿ, ವಾಪಸು ಕರೆಸಿ, ತೆಗೆದದ್ದನ್ನು ಭಾವನಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ತುಂಬ ಹೊತ್ತು ನೋಡಿದರು. "ಇದು ನಮ್ಮ ಜಾಗ ಅಲ್ಲ" ಎಂದರು. ನಾವೆಲ್ಲ ಹೌದು ಎಂದರೂ ಕೇಳಲಿಲ್ಲ. ಅರವತ್ತು ವರ್ಷ ಆ ಜಾಗವನ್ನು ಕಾಲಿಂದ ತಿಳಿದವರು ಅವರು. ಎಲ್ಲಿ ಏರು, ಎಲ್ಲಿ ಮುರಕಲ್ಲು ಚುಚ್ಚುತ್ತದೆ, ಯಾವ ಗೇರಿನಡಿಯಲ್ಲಿ ಕೂತು ದಣಿವಾರಿಸಿಕೊಳ್ಳಬಹುದು ಎಂಬುದೆಲ್ಲ ಗೊತ್ತು. ಮೇಲಿಂದ ನೋಡಿದರೆ ಏರೂ ಇಲ್ಲ, ಇಳಿಜಾರೂ ಇಲ್ಲ, ಎಲ್ಲ ಮಡಿ ಬಟ್ಟೆ ಹಾಸಿದ ಹಾಗೆ ಚಪ್ಪಟೆ. ಅದರಲ್ಲಿ ಶಬ್ದವೂ ಇಲ್ಲ. ಇಂಥ ಡ್ರೋನುಗಳ ಕ್ಯಾಮೆರಾ ಸದ್ದು ಹಿಡಿಯುವುದಿಲ್ಲ, ಹಿಡಿದರೂ ಅದರದ್ದೇ ಗುಂಯ್‌ಗುಡುವಿಕೆ ಬಿಟ್ಟು ಬೇರೇನೂ ಕೇಳಿಸದು. ಕೊನೆಗೆ ಒಂದು ಮೂಲೆಯಲ್ಲಿ ದಟ್ಟ ಹಸಿರಿನ ಗುಂಡನೆಯ ಗುರುತು ಬಂತು. ಯಾರೂ ಕತ್ತಿ ಹಾಕದ ಮರಗಳ ಗುಂಪು. "ಅದು ಬನ" ಎಂದರು. ಕೈ ತನ್ನಿಂದ ತಾನೇ ಜೋಡಿಸಿಕೊಂಡಿತು. ಅಲ್ಲಿಂದ ಬೆರಳಿಟ್ಟು ಒಂದೊಂದೇ ಜಾಗ ಹಿಡಿಯುತ್ತ ಬಂದರು. ಇದು ಕೆರೆಯ ಹೊಂಡ, ಇದು ಕಾಟುಮಾವು, ಇದು ಗಡಿಕಲ್ಲಿನ ದಾರಿ. ಬೆರಳು ಅಲ್ಲಿಗೆ ನಿಂತಿತು. ಗಡಿಕಲ್ಲು ಇರಬೇಕಾದಲ್ಲಿ ಕೆಂಪಗೆ, ಚೌಕವಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹೊಂಡ. ಕೆಂಪುಕಲ್ಲಿನ ಕೋರೆ. ಅದಕ್ಕೊಂದು ಲಾರಿ ಹೋಗುವ ರಸ್ತೆ, ಗುಡ್ಡದ ಆಚೆ ಬದಿಯಿಂದ.

ಬರೀ ಕಲ್ಲು ಎಂದು ಅವರು ಹೇಳಿದ್ದು ಸುಳ್ಳಲ್ಲ. ಅವರಿಗೆ ಬೇಕಾಗಿದ್ದದ್ದೂ ಕಲ್ಲೇ.

ಡ್ರೋನು ನಮ್ಮನ್ನು ಕಾಪಾಡಿತು ಎಂದು ಮುಂಬಯಿಗೆ ಬಂದ ಮೇಲೆ ನಮ್ಮವರು ಕಂಡಕಂಡವರಿಗೆ ಹೇಳಿದರು. ನನಗೆ ಅಷ್ಟು ಸಂತೋಷವಾಗಲಿಲ್ಲ. ಮೂರು ಮನೆಯವರು ಪ್ರತಿ ವರ್ಷ ಊರಿಗೆ ಹೋಗುತ್ತೇವೆ, ಹಪ್ಪಳ, ಸಾಂತಾಣಿ, ಕುಚ್ಚಲಕ್ಕಿ ಕಟ್ಟಿಕೊಂಡು ಬರುತ್ತೇವೆ. ನಾಲ್ಕು ವರ್ಷದಲ್ಲಿ ಒಬ್ಬರಾದರೂ ಅರ್ಧ ಗಂಟೆ ನಡೆದು ಗುಡ್ಡ ಹತ್ತಿದ್ದರೆ ಆ ಹೊಂಡ ಬರಿಗಣ್ಣಿಗೆ ಕಾಣುತ್ತಿತ್ತು.

ಇನ್ನು ಈ ಚಿತ್ರ ಹಿಡಿದುಕೊಂಡು ಹೋಗಿ ಜಗಳ ಮಾಡೋಣ ಎಂದು ಹೊರಟ ಮಗನಿಗೆ ಭಾವನೇ ಬುದ್ಧಿ ಹೇಳಿದರು. ಡ್ರೋನಿನ ಚಿತ್ರ ಅಳತೆಯಲ್ಲ. ಕ್ಯಾಮೆರಾದ ಅಗಲ ಕಣ್ಣು ಅಂಚಿನಲ್ಲಿರುವುದನ್ನು ಎಳೆದು ತೋರಿಸುತ್ತದೆ, ಇಳಿಜಾರಿನಲ್ಲಿ ದೂರ ಹತ್ತಿರದ ಲೆಕ್ಕ ತಪ್ಪುತ್ತದೆ. ಹಳ್ಳಿಗಳ ಮನೆ ನಿವೇಶನಗಳನ್ನು ಅಳೆಯಲು 2020ರ ಏಪ್ರಿಲಿನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲೂ ಡ್ರೋನ್ ಬಳಸುತ್ತಾರೆ, ಮೊದಲ ಹಂತದಲ್ಲೇ ಕರ್ನಾಟಕವೂ ಮಹಾರಾಷ್ಟ್ರವೂ ಅದರಲ್ಲಿದ್ದವು. ಆದರೆ ಅವು ಸರ್ವೆ ಇಲಾಖೆಯ ಬೇರೆಯೇ ಜಾತಿಯ ಯಂತ್ರಗಳು, ನೆಲದ ಮೇಲೆ ಗುರುತು ಹಾಕಿ ಅದಕ್ಕೆ ತಾಳೆ ನೋಡುವ ಕ್ರಮ ಬೇರೆ. ನಮ್ಮದು ನೋಡಲಿಕ್ಕೆ ಮಾತ್ರ. ಭಾವನ ಮಗ ಹದ್ದುಬಸ್ತಿಗೆ ಅರ್ಜಿ ಕೊಟ್ಟ. ಮಳೆಗಾಲ ಕಳೆದು ಸರ್ವೆಯವರು ಬಂದು, ನೆರೆಯವರಿಗೆ ನೋಟಿಸು ಕೊಟ್ಟು, ಸರಪಳಿ ಹಿಡಿದು ಅಳೆದರು. ಕೋರೆ ನಮ್ಮ ಒಳಗೆ ಒಂಬತ್ತು ಸೆಂಟ್ಸ್ ಬಂದಿತ್ತು. ಹೊಸ ಕಲ್ಲು ನೆಟ್ಟರು. ಹೊಂಡ ಹೊಂಡವಾಗಿಯೇ ಉಳಿದಿದೆ, ಹೋದ ಕಲ್ಲಿನ ಲೆಕ್ಕ ಇನ್ನೂ ಮುಗಿದಿಲ್ಲ. ಗುಡ್ಡ ಮಾರಾಟಕ್ಕಿಲ್ಲ.

ಈಗ ದೋಷಗಳ ವಿಚಾರ ಪೂರ್ತಿ ಮಾಡುತ್ತೇನೆ, ಇಲ್ಲದಿದ್ದರೆ ಆ ಸದಸ್ಯೆಗೆ ಮೋಸ ಮಾಡಿದ ಹಾಗೆ.

ಡಬ್ಬದ ಮೇಲೆ ಮೂವತ್ತು ನಿಮಿಷ ಎಂದು ಬರೆದಿರುತ್ತಾರೆ. ಅದು ಗಾಳಿಯೇ ಇಲ್ಲದಲ್ಲಿ, ಬ್ಯಾಟರಿ ಪೂರ್ತಿ ಬರಿದಾಗುವ ತನಕದ ಲೆಕ್ಕ. ನನಗೆ ಸಿಕ್ಕಿದ್ದು ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೆರಡು. ಹೋಗುವಾಗ ಗಾಳಿಯ ಜೊತೆ ಹೋದರೆ ಬರುವಾಗ ಎದುರುಗಾಳಿಯಲ್ಲಿ ಬರಬೇಕು. ಬ್ಯಾಟರಿ ಅರ್ಧವಾಗುವ ಮೊದಲೇ ತಿರುಗಿಸಬೇಕು. ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದಿಲ್ಲ. ನಾನು ಸೆರಗು ಮುಚ್ಚಿಕೊಂಡು ನೋಡಿದ್ದನ್ನು ಅಕ್ಕ ಈಗಲೂ ಆಡಿ ತೋರಿಸಿ ನಗುತ್ತಾರೆ. ಸಂಜೆಯಾದರೆ ಸಣ್ಣ ಕ್ಯಾಮೆರಾದ ಚಿತ್ರಗಳಲ್ಲಿ ರವೆ ಚೆಲ್ಲಿದ ಹಾಗೆ ಕಾಳುಕಾಳು. ಅಡಿಕೆ ತೋಟದ ಒಳಗೆ ಏನಿದೆ ಎಂದು ಮೇಲಿಂದ ತಿಳಿಯುವುದಿಲ್ಲ, ಸೋಗೆ ಎಲ್ಲವನ್ನೂ ಮುಚ್ಚುತ್ತದೆ. ಅಡಿಕೆಗೆ ಮದ್ದು ಬಿಡಲು ಇದಾಗುತ್ತದಾ ಎಂದು ಊರಿನ ಇಬ್ಬರು ಕೇಳಿದರು. ಇದಕ್ಕೆ ಒಂದು ಲೋಟ ನೀರು ಹೊರುವ ಶಕ್ತಿಯಿಲ್ಲ. ಆ ಕೆಲಸಕ್ಕೆ ಹತ್ತು ಲೀಟರಿನ ಟಾಂಕಿ ಹೊರುವ ಭಾರೀ ಡ್ರೋನುಗಳೇ ಬೇಕು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಅಂಥವನ್ನು ಕೊಡುವ ನಮೋ ಡ್ರೋನ್ ದೀದಿ ಯೋಜನೆಗೆ 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹಳ್ಳಿಯ ಹೆಂಗಸರು ಪ್ರಮಾಣಪತ್ರ ಪಡೆದು ಅದನ್ನು ಹಾರಿಸುತ್ತಾರೆ, ನಾನು ಜಮಖಾನೆ ಹಾಸಿ ಕಲಿತದ್ದೇ ದೊಡ್ಡದೆಂದು ಬರೆಯುತ್ತಿದ್ದೇನೆ!

ನಮ್ಮದು ಬಿದ್ದದ್ದು ಎರಡನೆಯ ದಿನ, ತಪ್ಪು ನನ್ನದೇ. ಅಗ್ಗದವುಗಳಿಗೆ ಕೆಳಗೆ ಕಣ್ಣಿರುತ್ತದೆಯೇ ಹೊರತು ಮುಂದೆ, ಪಕ್ಕದಲ್ಲಿ ಇರುವುದಿಲ್ಲ. ಎದುರಿಗೆ ಮರ ಬಂದರೆ ತಾನಾಗಿ ನಿಲ್ಲದು. ಪರದೆಯಲ್ಲಿ ಎತ್ತರ 40 ಮೀಟರ್ ಎಂದು ತೋರಿಸುತ್ತಿತ್ತು, ಧೈರ್ಯವಾಗಿ ಗುಡ್ಡದ ಕಡೆ ನಡೆಸಿದೆ. ಆ 40 ಮೀಟರ್ ನಮ್ಮ ಅಂಗಳದಿಂದ ಲೆಕ್ಕ! ಅದರ ಕೆಳಗಿನ ನೆಲದಿಂದಲ್ಲ. ಗುಡ್ಡ ಏರಿದ ಹಾಗೆ ನೆಲ ಅದರ ಹತ್ತಿರ ಬರುತ್ತ ಹೋಯಿತು, ಕೊನೆಗೆ ಕಾಟುಮಾವಿನ ತುದಿಗೆ ಬಡಿದು ಕೊಂಬೆಯ ಕವಲಿನಲ್ಲಿ ಕೂತಿತು. ಫೋನಿನಲ್ಲಿ ಮಾವಿನ ಎಲೆ, ಕೆಂಪಿರುವೆ ಬಹಳ ಸ್ಪಷ್ಟವಾಗಿ ಕಾಣುತ್ತಿದ್ದವು. ಭಾವನ ಮಗ ದೋಟಿಯಲ್ಲಿ ಮೆಲ್ಲಗೆ ತಪ್ಪಿಸಿ, ಕೆಳಗೆ ಹಿಡಿದ ಬೆಡ್‌ಶೀಟಿಗೆ ಬೀಳಿಸಿದ. ಹಾಗಾದರೂ ಕೊನೆಗೆ ನಾವೆಲ್ಲ ಗುಡ್ಡ ಹತ್ತಿದೆವು. ಮನೆಗೆ ತಾನಾಗಿ ಮರಳುವ ಗುಂಡಿಯೊಂದು ಇದೆ. ಅದನ್ನು ನಂಬುವ ಮೊದಲು ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ತೆಂಗಿಗಿಂತ ಮೇಲಕ್ಕೆ, ಗುಡ್ಡವಿದ್ದರೆ ಗುಡ್ಡದ ಮರಕ್ಕಿಂತ ಮೇಲಕ್ಕೆ ಇಟ್ಟುಕೊಳ್ಳಬೇಕು.

ಇನ್ನೊಂದು ತಪ್ಪನ್ನೂ ಹೇಳಬೇಕು. ಸುತ್ತು ಹಾಕಿಸುವಾಗ ಪಕ್ಕದ ಮನೆಯ ಹಿತ್ತಲ ಮೇಲಿಂದ ಹೋಗಿತ್ತು, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಆ ಮನೆಯಾಕೆ ಬಂದು ಅಂಗಳದಲ್ಲಿ ನಿಂತು, "ನಿಮ್ಮ ಮುಂಬಯಿಯಲ್ಲಿ ಹೀಗೆ ಬಚ್ಚಲ ಮೇಲಿಂದ ಇಣುಕುವ ಕ್ರಮ ಉಂಟಾ?" ಎಂದು ಕೇಳಿದರು. ಮುಖ ಎತ್ತಲಾಗಲಿಲ್ಲ. ಆಕೆಯ ಎದುರಿಗೇ ಆ ಭಾಗ ಹುಡುಕಿ ಅಳಿಸಿದೆ. ಅದರಲ್ಲಿ ಒಣಗಲು ಹಾಕಿದ ಬಟ್ಟೆ, ಒಂದು ಹಸು ಬಿಟ್ಟರೆ ಏನೂ ಇರಲಿಲ್ಲ, ಆದರೆ ಅವರು ಕೇಳಿದ್ದು ಸರಿಯೇ. 2009ರಲ್ಲಿ ಬಂದ ತ್ರೀ ಈಡಿಯಟ್ಸ್ ಸಿನಿಮಾದಲ್ಲಿ ಹಾಸ್ಟೆಲಿನ ಕಿಟಕಿಯ ಹೊರಗೆ ಹಾರುವ ಯಂತ್ರ ನಿಮಗೆ ನೆನಪಿರಬಹುದು. ಅದನ್ನು ಮಾಡಿದವರು ನಮ್ಮ ಪೊವಾಯಿಯ ಐಐಟಿಯಲ್ಲಿ ಓದಿ ಐಡಿಯಾಫೋರ್ಜ್ ಕಂಪೆನಿ ಕಟ್ಟಿದ ಹುಡುಗರು. ಸಿನಿಮಾದಲ್ಲಿ ಆ ಯಂತ್ರ ಕಿಟಕಿಯೊಳಗೆ ಇಣುಕಿದಾಗ ಕಾಣಬಾರದ್ದೇ ಕಂಡಿತು. ನಮ್ಮ ಕಟ್ಟಡಗಳಲ್ಲಿ ಒಂದರ ಕಿಟಕಿಯಿಂದ ಇನ್ನೊಂದರ ಅಡಿಗೆಮನೆಯ ಡಬ್ಬ ಎಣಿಸಬಹುದು. ಅಲ್ಲಿ ಹದಿನಾರರ ಹುಡುಗನ ಕೈಗೆ ಹಾರುವ ಕಣ್ಣು ಕೊಡುವಾಗ ಹೇಳಿಕೊಡಬೇಕಾದ ಮೊದಲ ಪಾಠ ಕಡ್ಡಿ ತಿರುಗಿಸುವುದಲ್ಲ.

ಕೊಳ್ಳುವ ವಿಚಾರ. ಮೂರು, ನಾಲ್ಕು ಸಾವಿರಕ್ಕೆ ಡಬ್ಬದ ಮೇಲೆ ದೊಡ್ಡದಾಗಿ 4ಕೆ ಎಂದು ಬರೆದು ಮಾರುವಂಥವು ಆಟಿಕೆಗಳು. ಜಿಪಿಎಸ್ ಇರುವುದಿಲ್ಲ, ಕ್ಯಾಮೆರಾವನ್ನು ಸಮ ಹಿಡಿಯುವ ಯಂತ್ರ ಇರುವುದಿಲ್ಲ, ಏಳೆಂಟು ನಿಮಿಷಕ್ಕೆ ಇಳಿಯುತ್ತವೆ, ಗಾಳಿ ಬಂದರೆ ಹೋದದ್ದೇ ದಾರಿ. ಹಾಲಿನಲ್ಲಿ ಕೈ ಪಳಗಿಸಲು ಅಡ್ಡಿಯಿಲ್ಲ, ಚಿತ್ರಕ್ಕೆಂದು ಕೊಳ್ಳಬೇಡಿ. ಒಳ್ಳೆಯ ನ್ಯಾನೋ ಬೇಕೆಂದರೆ ಅದಕ್ಕೆ ಹಲವು ಪಟ್ಟು ಹಣ ಬೇಕು, ಮೇಲೆ ಎರಡು ಬ್ಯಾಟರಿ ಹೆಚ್ಚಿಗೆ ಬೇಕು. 2022ರ ಫೆಬ್ರವರಿ 9ರಂದು ಸರಕಾರ ವಿದೇಶದ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಗಷ್ಟೇ ವಿನಾಯಿತಿ. ಆದ್ದರಿಂದ ದುಬೈಯಿಂದ ಬರುವ ಭಾವಮೈದುನನ ಕೈಯಲ್ಲಿ ತರಿಸುವ ಯೋಚನೆ ಬಿಡಿ, ಕಸ್ಟಮ್ಸಿನವರ ಮುಂದೆ ಅವರು ತಲೆ ತಗ್ಗಿಸಿ ನಿಲ್ಲಬೇಕಾದೀತು. ಇಲ್ಲಿಯೇ ಬಿಲ್ಲಿಲ್ಲದೆ ಮಾರುವವರಿದ್ದಾರೆ. ಅಂಥ ಒಂದು ಅಂಗಡಿಯಲ್ಲಿ ನಾನು ಬದಲಿ ರೆಕ್ಕೆ ಕೇಳಲು ಹೋದಾಗ, ಬೇರೆ ಮಾದರಿಯದ್ದನ್ನು ಕೊಟ್ಟು "ಕೂರುತ್ತದೆ ಆಂಟಿ" ಎಂದರು. ಕೂರಲಿಲ್ಲ. ಆದ್ದರಿಂದ ಕೊಳ್ಳುವ ಮೊದಲೇ ರೆಕ್ಕೆ, ಬ್ಯಾಟರಿ, ರಿಪೇರಿ ಇಲ್ಲಿ ಸಿಗುತ್ತದೆಯೇ ಎಂದು ಕೇಳಿ, ಬಿಲ್ಲು ಕೊಡುವವರಲ್ಲೇ ಕೊಳ್ಳಿ.

ನನ್ನ ಕೈಲಿ ಕೇಳಿದರೆ, ಹಾರಿಸಲು ನಿಮಗೆ ಊರಿದ್ದರೆ, ಊರಿನಲ್ಲಿ ನೋಡಬೇಕಾದದ್ದು ಇದ್ದರೆ ಕೊಡಿಸಿ. ಕೊಡಿಸುವ ಮೊದಲು ಒಂದು ಭಾನುವಾರ ಹುಡುಗನನ್ನು ನಮ್ಮ ಮನೆಗೆ ಕರೆದುಕೊಂಡು ಬನ್ನಿ. ಮುಂದಿನ ತಿಂಗಳು ನಾವು ಹಾಲಾಡಿಗೆ ಹೋಗುವವರಿದ್ದೇವೆ. ಮಳೆಗೆ ಮೊದಲು ಮಾಡು ನೋಡಬೇಕಂತೆ, "ಆ ಹೆಜ್ಜೇನು ತಪ್ಪದೆ ತಾ" ಎಂದು ಭಾವನ ಫೋನು ಎರಡು ಸಲ ಬಂದಿದೆ. ಅಷ್ಟರೊಳಗೆ ಬಂದರೆ ಒಳ್ಳೆಯದು. ಜಮಖಾನೆ ಹಾಸಿಯೇ ಇಟ್ಟಿರುತ್ತೇನೆ, ಫ್ಯಾನು ಬಂದ್ ಮಾಡಿ ಅರ್ಧ ಗಂಟೆ ಸೆಕೆ ತಡೆದುಕೊಳ್ಳಬೇಕು, ಅಷ್ಟೇ.